ಮ್ಹೈಸಾಳದ ಬಂಡೆ ಮೇಲಿನ ಬೆಳಕು

ನಂಬೋದು ಬಿಡೋದು ನಿಮಗೆ ಸೇರಿದ್ದು. ಇದರಲ್ಲಿ ಒಂದಕ್ಷರವೂ ನಾನು ಕಟ್ಟಿದ್ದಲ್ಲ.

ಮಿರಜ್ ಪೇಟೆಯಲ್ಲಿ ನಮ್ಮದು ಬಟ್ಟೆ ಅಂಗಡಿ. ಹೊಸ ವರ್ಷಕ್ಕೆ ಗಿರಾಕಿಗಳಿಗೆ ಹಂಚೋ ಕ್ಯಾಲೆಂಡರಿನಲ್ಲಿ ಈ ಸಲ ನಾನೇ ತೆಗೆದ ಫೋಟೋ ಇರಬೇಕು ಅಂತ ನನಗೆ ಹಟ. ಮ್ಹೈಸಾಳದ ಹತ್ತಿರ ಕೃಷ್ಣೆಯ ದಂಡೆಗೆ ಕಪ್ಪು ಬಂಡೆಗಳಿವೆ. ಅವುಗಳ ಹಿಂದೆ ಸೂರ್ಯ ಎಲ್ಲಿ ಏಳುತ್ತಾನೆ ಅನ್ನೋದನ್ನೂ ಮೊಬೈಲಿನಲ್ಲಿ ನೋಡಿಟ್ಟಿದ್ದೆ. ನನ್ನ ಗಂಡ ಬಸವರಾಜ ಗೊಣಗುತ್ತಲೇ ಜೊತೆಗೆ ಬಂದರು. ಅವರಿಗೆ ಈಜು ಬರೋದಿಲ್ಲ.

ಇನ್ನೂ ಕತ್ತಲು. ಕತ್ತಲಲ್ಲಿ ಕ್ಯಾಮೆರಾಕ್ಕೆ ಏನೂ ಕಾಣೋದಿಲ್ಲ. ಯಾರಾದರೂ ದೂರದಲ್ಲಿ ಟಾರ್ಚ್ ಹಿಡಿದು ನಿಂತರೆ ಆ ಬೆಳಕಿನ ಮೇಲೆ ಫೋಕಸ್ ಕೂರಿಸಬೇಕು.

"ಆ ತುದಿ ಬಂಡೆಗಲ್ಲಿನ ಮ್ಯಾಲ ನಿಂತು ಮೊಬೈಲ್ ಟಾರ್ಚ್ ಹಿಡೀರಿ," ಅಂದೆ.

"ಫೋಟೋದ ಹುಚ್ಚಿನಾಗ ಗಂಡನ್ನ ಹೊಳಿಗೆ ಹಾಕ್ತಿ ನೋಡು," ಎಂದು ನಗುತ್ತ ಹೋದರು.

ಸ್ವಲ್ಪ ಹೊತ್ತಿಗೆ ಬೆಳಕು ಕಾಣಿಸಿತು. ಕೆಸರಿನ ವಾಸನೆ... ಕಬ್ಬಿನ ಹೊಲದಲ್ಲೆಲ್ಲೋ ಪಂಪಿನ ಗುಂಯ್ ಸದ್ದು...

"ಇನ್ನ ಸ್ವಲ್ಪ ಹಿಂದ ಸರೀರಿ!"

ಬೆಳಕು ಹಿಂದೆ ಸರಿಯಿತು.

"ಇನ್ನೂ ಸ್ವಲ್ಪ..."

ಮತ್ತೆ ಸರಿಯಿತು. ಫೋಕಸ್ ಕೂತಿತು. ಅಷ್ಟರಲ್ಲಿ ನನ್ನ ಹೆಗಲ ಮೇಲೆ ಒದ್ದೆ ಕೈ ಬಿತ್ತು.

"ಯಾರ ಜೋಡಿ ಮಾತಾಡಾಕತ್ತೀ?"

ಬಸವರಾಜ!

"ನಡುವ ನೀರ ಐತಿ. ದಾಟಾಕ ಆಗಲಿಲ್ಲ, ಹೊಳ್ಳಿ ಬಂದ್ನಿ," ಅಂದರು.

ಹಾಗಾದರೆ ಅಲ್ಲಿ ಟಾರ್ಚ್ ಹಿಡಿದವರು...?

ಆಗ ನೀರಿನ ಕಡೆಯಿಂದಲೂ ಅವರದೇ ದನಿ ಬಂತು. "ಸಾಕೇನ? ನೀರ ಏರಾಕತ್ತೈತಿ... ಬರ್ಲಾ?"

ಒಂದು ಹೆಜ್ಜೆ ಆ ಕಡೆ ಇಟ್ಟೆ. ಒದ್ದೆ ಕೈ ನನ್ನ ರಟ್ಟೆಯನ್ನು ಬಿಗಿಯಾಗಿ ಹಿಡಿಯಿತು.

"ಬ್ಯಾಡ. ನಡಿ."

ಕ್ಯಾಮೆರಾ ಅಲ್ಲೇ ಬಿಟ್ಟು ಓಡಿದೆವು. ಬೆನ್ನ ಹಿಂದೆ ಆ ದನಿ ನನ್ನ ಹೆಸರು ಹಿಡಿದು ಕೂಗುತ್ತಿತ್ತು... ಕೂಗುತ್ತಲೇ ಇತ್ತು... ಆಮೇಲೆ ನಿಂತುಹೋಯಿತು.

ವಿಶ್ರಾಮಬಾಗದ ನಮ್ಮ ಮನೆ ಮುಟ್ಟಿದಾಗ ಬೆಳಕು ಹರಿದಿತ್ತು. ಬಾಗಿಲು ತೆಗೆದವರು ಅತ್ತೆ. ನನ್ನನ್ನು ನೋಡಿದರು. ಪಕ್ಕದಲ್ಲಿ ನಿಂತವರ ಮುಖವನ್ನೂ ತುಸು ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು:

"ಬಸು ಎಲ್ಲಿ ಅದಾನವಾ?"

"ಅವ್ವಾ, ಇಲ್ಲೇ ಅದೀನಲ್ಲ!" ಎಂದು ಅವರು ನಕ್ಕರು. ಅತ್ತೆ ಕಣ್ಣುಜ್ಜಿಕೊಂಡು, "ನಿದ್ದಿಗಣ್ಣು..." ಎನ್ನುತ್ತ ಒಳಗೆ ಹೋದರು.

ನನ್ನ ಜೊತೆ ಬಂದವರು ದಿನಾ ಅಂಗಡಿಗೆ ಹೋಗುತ್ತಾರೆ, ಹೊಟ್ಟೆ ತುಂಬ ಉಣ್ಣುತ್ತಾರೆ, ಮೊದಲಿನಂತೆಯೇ ಗೊಣಗುತ್ತಾರೆ. ನನಗೆ ಮಾತ್ರ ಅವರ ಪಕ್ಕದಲ್ಲಿ ಮಲಗೋಕೆ ಭಯ. ಅವತ್ತು ಹೊಳೆಯಲ್ಲಿ ಕೂಗಿ ಕೂಗಿ ಸುಮ್ಮನಾದದ್ದು ಯಾರು ಅಂತ ಕೇಳೋ ಧೈರ್ಯ ನನಗಿನ್ನೂ ಬಂದಿಲ್ಲ...