ಒದ್ದೆ ಗೋಣಿತಾಟಿನ ಕೆಳಗೆ ಇಪ್ಪತ್ತೈದು ಡಿಗ್ರಿ

ಎರಡು ವರ್ಷದ ಹಿಂದೆ ನಾನು ಚಿಕ್ಕಬಳ್ಳಾಪುರದ ಒಂದು ಸಣ್ಣ ಕಂಪನಿಯಲ್ಲಿ ಸರ್ವೀಸ್ ಎಂಜಿನಿಯರ್ ಆಗಿದ್ದೆ. ಗೌರಿಬಿದನೂರಿನಿಂದ ಚಿಂತಾಮಣಿಯವರೆಗೆ ರೇಷ್ಮೆ ಹುಳು ಸಾಕುವ ಮನೆಗಳಿಗೆ ಉಷ್ಣಾಂಶದ ಸೆನ್ಸರ್ ಕೂರಿಸುವುದು, ಕೆಟ್ಟರೆ ರಿಪೇರಿ ಮಾಡುವುದು ನನ್ನ ಕೆಲಸ. ಹುಳು ಮನೆಯ ಶಾಖ ಮೂವತ್ತು ಡಿಗ್ರಿ ದಾಟಿದರೆ ಮನೆಯವರ ಮೊಬೈಲಿಗೆ ಅಲಾರಂ ಹೋಗುತ್ತದೆ. ಇಷ್ಟೇ ಯಂತ್ರ. ಅದನ್ನು ಕೂರಿಸುವುದರಲ್ಲಿ ನನ್ನನ್ನು ಬಿಟ್ಟರಿಲ್ಲ ಎಂಬ ಜಂಬ ಮಾತ್ರ ಬೇಕಾದಷ್ಟಿತ್ತು.

ಮೇಲೂರಿನ ಮುನಿರತ್ನಮ್ಮನವರ ಹುಳು ಮನೆಗೆ ಸೆನ್ಸರ್ ಹಾಕಿದ್ದು ಡಿಸೆಂಬರಿನ ಚಳಿಯಲ್ಲಿ. ವೈರ್ ಎಳೆಯಲು ಸುಲಭವೆಂದು ಕಿಟಕಿಯ ಪಕ್ಕದಲ್ಲೇ ಕಬ್ಬಿಣದ ಬ್ರಾಕೆಟ್ ಹೊಡೆದೆ. ಅಲ್ಲಿಯವರೆಗೆ ಹುಳುಗಳ ಬಳಿ ಒಬ್ಬರು ಇರಲೇಬೇಕಿತ್ತು. ಆಮೇಲೆ ಯಂತ್ರವನ್ನು ನಂಬಿ ಮುನಿರತ್ನಮ್ಮನವರೂ ಅವರ ವಾರಗಿತ್ತಿ ಲಕ್ಷ್ಮಮ್ಮನೂ ಒಟ್ಟಿಗೇ ಹಿಪ್ಪುನೇರಳೆ ಸೊಪ್ಪು ಕೊಯ್ಯಲು ಹೋಗತೊಡಗಿದರು.

ಏಪ್ರಿಲ್‌ನ ಒಂದು ಮಧ್ಯಾಹ್ನ ಕೈವಾರದಲ್ಲಿ ಊಟಕ್ಕೆ ಕುಳಿತು ಮೊಬೈಲಿನಲ್ಲಿ ಎಲ್ಲ ಸೆನ್ಸರ್‌ಗಳ ಅಂಕಿ ನೋಡಿದೆ. ಸುತ್ತಲಿನ ಎಲ್ಲ ಹುಳು ಮನೆಗಳೂ ಮೂವತ್ತರ ಮೇಲೆ, ಶೀಟ್ ಚಾವಣಿಯ ಮೇಲೂರಿನ ಮನೆ ಮಾತ್ರ ಇಪ್ಪತ್ತೈದು! ಬಿಸಿಲಿಗೆ ಎಲ್ಲಕ್ಕಿಂತ ಹೆಚ್ಚು ಕಾಯಬೇಕಾದ ಮನೆ ಅದು. ಮುನಿರತ್ನಮ್ಮನವರಿಗೆ ಫೋನ್ ಮಾಡಿದೆ.

“ಅಮ್ಮಾ, ಹುಳು ಮನೇಲಿ ಯಾರಿದ್ದೀರಿ?”

“ಯಾರೂ ಇಲ್ಲ ಸಾರ್, ತೋಟದಾಗಿದೀವಿ. ಮಿಷನ್ನು ತಣ್ಣಗೈತೆ ಅಂತ ತೋರಿಸ್ತೈತಲ್ಲ?”

“ಅದನ್ನ ನಂಬಬೇಡಿ, ಬೇಗ ಹೋಗಿ!”

ನಾನು ಬೈಕಿನಲ್ಲಿ ತಲುಪುವಷ್ಟರಲ್ಲಿ ಬಾಗಿಲುಗಳೆಲ್ಲ ತೆರೆದಿದ್ದವು. ಒಳಗೆ ನನ್ನ ಥರ್ಮಾಮೀಟರ್ ಮೂವತ್ತನಾಲ್ಕು ತೋರಿಸಿತು. ಹುಳುಗಳು ಇನ್ನು ನಾಲ್ಕೈದು ದಿನದಲ್ಲಿ ಗೂಡು ಕಟ್ಟಬೇಕಿತ್ತು. ಅವು ಸೊಪ್ಪು ಮುಟ್ಟದೆ ತಲೆ ಎತ್ತಿಕೊಂಡಿದ್ದವು. ಇಬ್ಬರು ಹೆಂಗಸರ ಮೂರು ವಾರದ ದುಡಿಮೆ ಹುಳು ಹರಡಿದ್ದ ಆ ಸ್ಟ್ಯಾಂಡುಗಳ ಮೇಲಿತ್ತು.

ಸೆನ್ಸರ್ ಎಲ್ಲೂ ಕಾಣಲಿಲ್ಲ. ಬೇಸಿಗೆ ಬಂದರೆ ಈ ಕಡೆ ಹುಳು ಮನೆಯ ಕಿಟಕಿಗಳಿಗೆ ಒದ್ದೆ ಗೋಣಿತಾಟು ಕಟ್ಟುತ್ತಾರೆ. ಅದನ್ನು ಸಿಕ್ಕಿಸಲು ನನ್ನ ಬ್ರಾಕೆಟ್ ಹೇಳಿ ಮಾಡಿಸಿದಂತಿತ್ತು. ಎರಡು ಪದರದ ಒದ್ದೆ ಗೋಣಿಯೊಳಗೆ ಕುಳಿತ ಸೆನ್ಸರ್ ಕೋಣೆಯ ಶಾಖ ಬಿಟ್ಟು ಗೋಣಿಯ ತಂಪನ್ನು ಅಳೆಯುತ್ತಿತ್ತು.

“ಮಿಷನ್ನಿಗೂ ತಂಪಾಗ್ಲಿ ಅಂತ ನಾನೇ ಹಾಕ್ದೆ ಕಣಕ್ಕಾ,” ಎಂದರು ಲಕ್ಷ್ಮಮ್ಮ.

ಮುನಿರತ್ನಮ್ಮ ಅವರತ್ತ ಕೆಂಗಣ್ಣು ಬಿಟ್ಟರು. ಸುಮ್ಮನಿದ್ದಿದ್ದರೆ ನಾನು ಬಚಾವಾಗುತ್ತಿದ್ದೆ. ಒಂದು ಕ್ಷಣ ಸುಮ್ಮನಿದ್ದೆ ಕೂಡ. ಆಮೇಲೆ ನಾಚಿಕೆಯಾಯಿತು.

“ಅವರನ್ನ ಬಯ್ಯಬೇಡಿ ಅಮ್ಮಾ. ಕಿಟಕಿ ಪಕ್ಕ ಹೊಡೆದಿದ್ದು ನಾನು. ತಪ್ಪು ನಂದು.”

ಮೂವರೂ ಸೇರಿ ಚಾವಣಿಗೆ ನೀರು ಬಿಟ್ಟೆವು, ಅದರ ಮೇಲೆ ತೆಂಗಿನ ಗರಿ ಹೊದಿಸಿದೆವು, ಒತ್ತಾಗಿದ್ದ ಹುಳುಗಳನ್ನು ಬಿಡಿಸಿ ಹರಡಿದೆವು. ಐದು ಗಂಟೆಗೆ ಶಾಖ ಇಪ್ಪತ್ತೆಂಟಕ್ಕೆ ಇಳಿಯಿತು. ಹೊಸ ಸೊಪ್ಪು ಹಾಕಿ, ಕಿವಿಗೊಟ್ಟು ನಿಂತೆವು. ಸ್ವಲ್ಪ ಹೊತ್ತಿಗೆ ಒಂದು ಮೂಲೆಯಿಂದ ಚರಚರ ಸದ್ದು ಶುರುವಾಯಿತು.

“ತಿಂತಾವೆ ಸಾರ್, ತಿಂತಾವೆ!” ಮುನಿರತ್ನಮ್ಮ ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನು ಕಿಟಕಿಯ ಪಕ್ಕದ ಬ್ರಾಕೆಟ್ ಬಿಚ್ಚತೊಡಗಿದೆ.

ಸೆನ್ಸರನ್ನು ಅಂದೇ ಕೋಣೆಯ ನಡುವೆ, ಹುಳುಗಳ ಎತ್ತರದಲ್ಲಿ ಕೂರಿಸಿದೆ. ಅಂದಿನಿಂದ ಯಾವ ಮನೆಗೆ ಹೋದರೂ, ಬೇಸಿಗೆಯಲ್ಲಿ ಇಲ್ಲಿ ಏನೇನು ಮಾಡುತ್ತೀರಿ ಎಂದು ಕೇಳಿದ ಮೇಲೆಯೇ ಡ್ರಿಲ್ ಹೊರಗೆ ತೆಗೆಯುತ್ತೇನೆ.

ಆ ಸಂಜೆ ಹೊರಡುವಾಗ ಯಂತ್ರ ಕಿತ್ತುಕೊಂಡು ಹೋಗಿ ಎನ್ನುತ್ತಾರೆಂದು ಕಾದಿದ್ದೆ. ಮುನಿರತ್ನಮ್ಮ ಕಾಫಿ ಲೋಟ ಕೈಗಿಟ್ಟು, “ಮಿಷನ್ ಇರ್ಲಿ ಸಾರ್. ಮಧ್ಯಾಹ್ನಕ್ಕೊಂದು ಸಲ ನಾನೂ ಬಂದು ನೋಡ್ಕೊಂಡು ಹೋಗ್ತೀನಿ,” ಎಂದರು. ಯಂತ್ರ ಕೊಟ್ಟ ದಿನವೇ ನಾನು ಹೇಳಬೇಕಿದ್ದ ಮಾತು ಅದು.