ಮುಚ್ಚದ ಬೋಲ್ಟು

ನಮ್ಮ ಬೆರ್ರಿಯೆಸಾ ಮನೆಯ ಗ್ಯಾರೇಜಿನಲ್ಲಿ ಕಾರಿಗೆ ಜಾಗವಿರಲಿಲ್ಲ. ಒಂದು ಕಡೆ ಊರಿನಿಂದ ಬಂದು ಇನ್ನೂ ಬಿಚ್ಚದ ಟ್ರಂಕುಗಳು, ಇನ್ನೊಂದು ಕಡೆ ನನ್ನ ಮೇಜು. ಮೇಜಿನ ಮೇಲೆ ರೈಫಲ್ಲಿನ ತೋಟಾಗಳನ್ನು ಮನೆಯಲ್ಲೇ ಮತ್ತೆ ತುಂಬಿಕೊಳ್ಳುವ ಪ್ರೆಸ್ಸು. ಎಂಬತ್ತರ ದಶಕದ ನಡುವಿನ ಮಾತಿದು. ಶನಿವಾರ ಬಂದರೆ ನಮ್ಮ ಕಡೆಯ ಹೆಂಗಸರು ಒಬ್ಬರ ಮನೆಯಲ್ಲಿ ಸೇರಿ ದೇವರನಾಮ ಹೇಳಿಕೊಳ್ಳುತ್ತಿದ್ದರು. ನಾನು ಬೆಟ್ಟದ ಹಿಂದಿನ ರೈಫಲ್ ಕ್ಲಬ್ಬಿಗೆ ಹೋಗುತ್ತಿದ್ದೆ. ನನ್ನ ಬಗ್ಗೆ ಅವರು ಆಡಿಕೊಂಡದ್ದರಲ್ಲಿ ನನ್ನ ಕಿವಿಗೆ ಬಿದ್ದದ್ದು ಸ್ವಲ್ಪ, ಬಿದ್ದಷ್ಟೇ ಸಾಕಾಗಿತ್ತು.

ಮೈಸೂರಿನಲ್ಲಿ ಓದುವಾಗ ಕಾಲೇಜಿನ ಕೆಡೆಟ್ ಕ್ಯಾಂಪಿನಲ್ಲಿ ಗುರಿ ಹೊಡೆದು ಒಂದು ಕಪ್ಪು ಗೆದ್ದಿದ್ದೆ. ಮದುವೆಯಾದ ಮೇಲೆ ಆ ಕಪ್ಪಿನಲ್ಲಿ ನಮ್ಮಮ್ಮ ಸೂಜಿ ದಾರ ಹಾಕಿಟ್ಟರು. ಸಮುದ್ರ ದಾಟಿ ಈ ಪರದೇಶಕ್ಕೆ ಬಂದು ಒಂದು ಕಂಪೆನಿಯಲ್ಲಿ ಬಿಡಿಭಾಗಗಳ ಅಳತೆ ನೋಡುವ ಕೆಲಸಕ್ಕೆ ಸೇರಿದಾಗ, ಪಕ್ಕದ ಮೇಜಿನವಳು ಒಂದು ದಿನ ಕ್ಲಬ್ಬಿಗೆ ಕರೆದುಕೊಂಡು ಹೋದಳು. ಮಲಗಿ, ಉಸಿರು ಹಿಡಿದು, ದೂರದ ಕಾಗದದ ಕಪ್ಪು ಚುಕ್ಕೆಗೆ ಹೊಡೆದೆ. ಆಮೇಲೆ ಬಿಡಲಾಗಲಿಲ್ಲ. ಸಂಬಳದಲ್ಲಿ ಉಳಿಸಿ ಒಂದು ಹಳೇ ರೈಫಲ್ ಕೊಂಡುಕೊಂಡೆ.

ನಮ್ಮ ಯಜಮಾನರಿಗೆ ಇದು ಸುತರಾಂ ಹಿಡಿಸಲಿಲ್ಲ. ಮನೆಗೆ ಇಲಿ ಬಂದರೆ ಬೋನಿನಲ್ಲಿ ಹಿಡಿದು, ಪಾರ್ಕಿನ ತನಕ ಕಾರಿನಲ್ಲಿ ಒಯ್ದು ಬಿಟ್ಟು ಬರುವ ಮನುಷ್ಯ ಅವರು. ಜಗಳವಾಡುವುದೂ ಅವರಿಗೆ ಬರುವುದಿಲ್ಲ. ಗ್ಯಾರೇಜಿಗೆ ಕಾಲಿಡುವುದನ್ನು ಬಿಟ್ಟರು, ಅಷ್ಟೆ. ಒಗೆಯುವ ಮಶೀನು ಅಲ್ಲೇ ಇದ್ದದ್ದರಿಂದ ಅಂದಿನಿಂದ ಅವರ ಬಟ್ಟೆಯೂ ನನ್ನ ಪಾಲಿಗೇ ಬಂತು. ಕೊನೆಗೆ ಒಂದು ಬೆಳಿಗ್ಗೆ ಕಾಫಿ ಕುಡಿಯುತ್ತಾ ಬಾಯಿ ಬಿಟ್ಟರು.

"ನೋಡು, ಈ ವರ್ಷ ಆಡು. ನಿಮ್ಮ ಕ್ಲಬ್ಬಿನ ಟೀಮಿಗೆ ಸೆಲೆಕ್ಟ್ ಆದ್ರೆ ಆಯ್ತು, ನಾನು ಇನ್ನು ಮಾತಾಡಲ್ಲ. ಆಗ್ಲಿಲ್ಲ ಅಂದ್ರೆ ಅದನ್ನ ಮಾರಿಬಿಡು."

"ಆಗ್ಲಿ ಬಿಡಿ," ಎಂದೆ. ಗೆದ್ದೇ ಗೆಲ್ಲುತ್ತೇನೆಂಬ ಜಂಬ ನನಗೆ. ಟೀಮಿನಲ್ಲಿ ಇದ್ದದ್ದು ನಾಲ್ಕೇ ಜಾಗ.

ಆಯ್ಕೆಯ ಪಂದ್ಯ ನವರಾತ್ರಿ ಕಳೆದ ಮೇಲೆ, ಒಂದು ಭಾನುವಾರ. ಹಿಂದಿನ ವಾರ ಹೊಸದಾಗಿ ತುಂಬಿದ ತೋಟಾಗಳನ್ನು ತೆಗೆದುಕೊಂಡು ಅಭ್ಯಾಸಕ್ಕೆ ಹೋದೆ. ಮೊದಲನೆಯದನ್ನು ಹಾಕಿ, ಅದನ್ನು ಒಳಗೆ ಕೂರಿಸಿ ಹಿಂದಿನಿಂದ ಮುಚ್ಚುವ ಅಗುಳಿಯಂಥ ಬೋಲ್ಟು ತಳ್ಳಿದರೆ ಮುಂದೆ ಹೋಯಿತು, ಹಿಡಿ ಮಾತ್ರ ಕೆಳಗೆ ಇಳಿಯಲೊಲ್ಲದು. ಜೋರು ಮಾಡಿ ಒತ್ತಿದ ಮೇಲೆ ಕಟಕ್ಕೆಂದು ಕೂತಿತು. ಎರಡನೆಯದೂ ಹಾಗೇ. ಮೂರನೆಯದು ಕೂರಲೇ ಇಲ್ಲ. ಒಂದೊಂದಕ್ಕೂ ಹೀಗೆ ಗುದ್ದಾಡಿದರೆ ಉಸಿರು ಕೆಡುತ್ತದೆ, ಉಸಿರು ಕೆಟ್ಟರೆ ಗುರಿಯೂ ಕೆಡುತ್ತದೆ. ಪಂದ್ಯದಲ್ಲಿ ಬೋಲ್ಟು ಸಿಕ್ಕಿಕೊಂಡಿತೆಂದು ಯಾರೂ ಗಡಿಯಾರ ನಿಲ್ಲಿಸುವುದಿಲ್ಲ.

ಪಕ್ಕದಲ್ಲಿ ಮಲಗಿದ್ದ ದಢೂತಿ ಆಸಾಮಿ ನಕ್ಕ. ಹೆಂಗಸರ ಮಣಿಕಟ್ಟಿಗೆ ಈ ರೈಫಲ್ ಆಗಿಬರುವುದಿಲ್ಲ ಎಂದು ಅವನ ಅಭಿಪ್ರಾಯ. ಅಂಗೈಯಿಂದ ಒಂದು ಏಟು ಕೊಡು, ಕೂರುತ್ತದೆ ಎಂದು ಸಲಹೆ ಬೇರೆ. ನನಗೆ ಮೈಯೆಲ್ಲ ಉರಿಯಿತು. ಹಬ್ಬದ ದಿನ ಇಡೀ ಮನೆಗಾಗುವಷ್ಟು ಹೋಳಿಗೆಯ ಕಣಕ ನಾದುವ ಕೈ ಇದು. ಬಾಗಿಲು ಮುಚ್ಚದಿದ್ದರೆ ಬಾಗಿಲಿಗೆ ಒದೆಯುವವರು ಕೆಲವರು, ಸಂದಿಯಲ್ಲಿ ಏನು ಸಿಕ್ಕಿಕೊಂಡಿದೆ ಎಂದು ನೋಡುವವರು ಕೆಲವರು. ನಾನು ಎರಡನೇ ಪಂಗಡ. ಎಲ್ಲವನ್ನೂ ಡಬ್ಬಿಗೆ ತುಂಬಿಕೊಂಡು ಮನೆಗೆ ಬಂದೆ.

ತೋಟಾ ಹಾರಿಸಿದ ಮೇಲೆ ಗುಂಡು ಹೋಗಿ ಹಿತ್ತಾಳೆಯ ಕೇಸು ಉಳಿಯುತ್ತದೆ. ಉಪ್ಪಿನಕಾಯಿ ಮುಗಿದ ಬಾಟಲಿಯನ್ನೇ ಎಸೆಯದ ನಮ್ಮಂಥವರು ಒಳ್ಳೇ ಹಿತ್ತಾಳೆಯನ್ನು ಎಸೆಯುತ್ತೇವೆಯೇ? ಆದರೆ ಹಾರಿದಾಗ ಆ ಕೇಸು ಉಬ್ಬಿ, ರೈಫಲ್ಲಿನಲ್ಲಿ ತೋಟಾ ಕೂರುವ ಚೇಂಬರಿನ ಗೋಡೆಗೆ ಅಂಟುವಷ್ಟು ದಪ್ಪಗಾಗಿರುತ್ತದೆ. ಅದನ್ನು ಪ್ರೆಸ್ಸಿನಲ್ಲಿಟ್ಟು, ಡೈ ಎಂಬ ಉಕ್ಕಿನ ಅಚ್ಚಿನೊಳಗೆ ತಳ್ಳಿ, ಮತ್ತೆ ಹಳೇ ಅಳತೆಗೆ ತರಬೇಕು. ಆಮೇಲೆ ಮದ್ದು, ಗುಂಡು. ಎಲ್ಲೋ ಒಂದು ಕಡೆ ಅಳತೆ ತಪ್ಪಿತ್ತು. ಎಲ್ಲಿ ಎನ್ನುವುದೇ ಪ್ರಶ್ನೆ.

ವಾರವೆಲ್ಲ ಕೆಲಸದಲ್ಲೇ ಕಳೆದು, ಪಂದ್ಯದ ಹಿಂದಿನ ದಿನ, ಶನಿವಾರ ಬೆಳಿಗ್ಗೆ ತಿಂಡಿ ಮುಗಿಸಿ ಕೂತೆ. ಗುಂಡು ಹೆಚ್ಚು ಹೊರಗೆ ಚಾಚಿಕೊಂಡಿದೆಯೋ ಎಂಬುದು ಮೊದಲ ಅನುಮಾನ. ಅದಕ್ಕೆ ಗುಂಡೂ ಇಲ್ಲದ, ಮದ್ದೂ ಇಲ್ಲದ ಒಂದು ಖಾಲಿ ಕೇಸನ್ನು ಪ್ರೆಸ್ಸಿಗೆ ಕೊಟ್ಟು ರೈಫಲ್ಲಿಗೆ ಹಾಕಿದೆ. ಅದೂ ಬಿಗಿ! ಅಂದಮೇಲೆ ತಪ್ಪು ಗುಂಡಿನದಲ್ಲ. ಕೇಸಿನ ಉದ್ದ ಅಳೆದೆ, ಸರಿಯಾಗೇ ಇತ್ತು. ಇನ್ನು ಎಲ್ಲಿ ಉಜ್ಜುತ್ತಿದೆ ಎಂದು ಕಣ್ಣಿಗೇ ಕಾಣಬೇಕು. ದೇವರ ಮುಂದಿನ ಸಣ್ಣ ದೀಪ ತಂದು, ಖಾಲಿ ಕೇಸನ್ನು ಉರಿಯ ಮೇಲೆ ತಿರುಗಿಸಿ ತಿರುಗಿಸಿ ಕಾಡಿಗೆ ಹಿಡಿಸಿದೆ. ಅದನ್ನು ರೈಫಲ್ಲಿಗೆ ಹಾಕಿ ಹೊರಗೆ ತೆಗೆದರೆ, ಮೈಯೆಲ್ಲ ಕಪ್ಪು, ಭುಜದ ಮೇಲೆ ಮಾತ್ರ ಹಿತ್ತಾಳೆಯ ಒಂದು ಬಳೆ ಫಳಫಳ ಹೊಳೆಯುತ್ತಿತ್ತು. ಭುಜ ಎಂದರೆ ಕೇಸಿನ ದಪ್ಪ ಮೈ ಮುಗಿದು ಸಣ್ಣ ಕತ್ತು ಶುರುವಾಗುವ ಇಳಿಜಾರು. ಅದು ಹಿಂದಕ್ಕೆ ಸರಿಯುವ ಬದಲು ಮುಂದಕ್ಕೆ ಬಂದಿತ್ತು. ಹಿಟ್ಟಿನ ಉಂಡೆಯನ್ನು ಮುಷ್ಟಿಯಲ್ಲಿ ಹಿಸುಕಿದರೆ ಮೇಲುಗಡೆಯಿಂದ ಉಕ್ಕಿ ಬರುವುದಿಲ್ಲವೇ, ಹಾಗೆ. ಡೈ ಪೂರ್ತಿ ಕೆಳಗಿಳಿದು ಕೂತಿದ್ದರೆ ಮೈಯನ್ನು ಹಿಸುಕುತ್ತದೆ, ಭುಜವನ್ನೂ ಹಿಂದಕ್ಕೆ ಒತ್ತುತ್ತದೆ. ಕೂದಲೆಳೆಯಷ್ಟು ಮೇಲಿದ್ದರೆ ಬರೀ ಹಿಸುಕುತ್ತದೆ.

ಹಿಂದೆಯೇ ಡೈಯನ್ನು ಪ್ರೆಸ್ಸಿನಲ್ಲಿ ತಿರುಪಿ ಅದರ ಜಾಗದಲ್ಲಿ ನಿಲ್ಲಿಸಿ, ಡೈಗೂ ಪ್ರೆಸ್ಸಿಗೂ ಸೇರಿಸಿ ಉಗುರಿನ ಬಣ್ಣದಲ್ಲಿ ಒಂದು ಗೆರೆ ಎಳೆದಿದ್ದೆ. ಗೆರೆ ಇದ್ದದ್ದು ಹಿಂಬದಿಗೆ. ಬಗ್ಗಿ ನೋಡಿದೆ. ಕೆಳಗಿನ ಗೆರೆ ಒಂದು ಕಡೆ, ಮೇಲಿನದು ಇನ್ನೊಂದು ಕಡೆ.

ಯಾರೋ ಬಿಚ್ಚಿದ್ದರು. ಮನೆಯಲ್ಲಿದ್ದದ್ದು ನಾವಿಬ್ಬರೇ. ನಾನು ಬಿಚ್ಚಿರಲಿಲ್ಲ. ಈ ಪಂದ್ಯ ನಾನು ಸೋತರೆ ಯಾರಿಗೆ ಲಾಭ ಎಂದು ಲೆಕ್ಕ ಹಾಕಲು ದೊಡ್ಡ ತಲೆಯೇನೂ ಬೇಕಾಗಿರಲಿಲ್ಲ. ಸಿಟ್ಟಿಗಿಂತ ಹೆಚ್ಚಾಗಿ ದುಃಖ. ನಡುಮನೆಗೆ ಹೋದೆ. ಪೇಪರು ಓದುತ್ತಿದ್ದರು.

"ರೀ, ನನ್ನ ಪ್ರೆಸ್ಸು ಮುಟ್ಟಿದ್ರಾ?"

ಪೇಪರು ನಿಧಾನವಾಗಿ ಕೆಳಗಿಳಿಯಿತು. "ಹೂಂ. ಮುಟ್ಟಿದ್ದೆ."

"ಯಾಕೆ? ನಾನು ಸೋಲ್ಲಿ ಅಂತಾನಾ? ಮಾರ್ಬೇಕು ಅಂದ್ರೆ ನೇರವಾಗಿ ಹೇಳ್ಬೇಕಾಗಿತ್ತು. ಹೀಗೆ ಹಿಂದಿನಿಂದ..."

"ಅಯ್ಯೋ, ಏನಾಯ್ತೇ ಅದಕ್ಕೆ? ಗಟ್ಟಿಯಾಗೇ ತಿರುಗಿಸಿಟ್ಟಿದ್ದೆನಲ್ಲ!" ಎಂದು ಗಾಬರಿಯಲ್ಲಿ ಎದ್ದು ನಿಂತರು. "ಆಯುಧಪೂಜೆ ದಿನ ಕಣೇ. ನೀನು ಅರಿಶಿನ ಕುಂಕುಮಕ್ಕೆ ಅಂತ ಸರಟೋಗಾಗೆ ಹೋಗಿದ್ಯಲ್ಲ. ಕಾರಿಗೆ ಮಾಡ್ದೆ, ಟೈಪ್‌ರೈಟರಿಗೆ ಮಾಡ್ದೆ, ಸ್ಕ್ರೂಡ್ರೈವರಿಗೂ ಮಾಡ್ದೆ. ಮನೇಲಿ ನಿಜವಾದ ಆಯುಧ ಅಂತ ಇರೋದು ಒಂದು, ಅದನ್ನೇ ಬಿಟ್ರೆ ಏನು ಚೆನ್ನ? ಬಂದೂಕು ಬೀರೂಲಿತ್ತು, ಕೀ ನಿನ್ನ ಹತ್ರ. ಸರಿ, ಈ ಪ್ರೆಸ್ಸಾದ್ರೂ ಸಿಕ್ತಲ್ಲ ಅಂತ ಅದಕ್ಕೆ ಗಂಧ ಕುಂಕುಮ ಇಡೋಕೆ ಹೋದೆ. ಎಣ್ಣೆ ಜಿಡ್ಡಿನ ಮೇಲೆ ಗಂಧ ನಿಲ್ಲಲೇ ಇಲ್ಲ. ಮೇಲಿನ ಆ ಉಕ್ಕಿನ ತುಂಡು ಬಿಚ್ಚಿ, ತೊಳೆದು, ಒರೆಸಿ, ಆಮೇಲೆ ಇಟ್ಟೆ."

"ನನಗೇನೂ ಕಾಣಿಸ್ಲಿಲ್ಲ."

"ನೀನು ಬೈತೀಯ ಅಂತ ಸಾಯಂಕಾಲ ಒರೆಸಿಬಿಟ್ಟೆ."

ನಾನು ಗ್ಯಾರೇಜಿಗೆ ವಾಪಸ್ಸು ಹೋಗಿ ಡೈಯನ್ನು ಬಿಚ್ಚಿದೆ. ಅದರ ತಿರುಪಿನ ಸುರುಳಿಯ ಸಂದಿಗಳಲ್ಲಿ ಒಣಗಿದ ಕುಂಕುಮವಿತ್ತು, ಬಟ್ಟೆಗೆ ಸಿಗದೆ ಉಳಿದದ್ದು. ಕಣ್ಣಲ್ಲಿ ನೀರು ಬಂತು. ಹೊಸ್ತಿಲಲ್ಲಿ ನಿಂತಿದ್ದವರಿಗೆ ಕಾಣಬಾರದೆಂದು ಆ ಕಡೆ ತಿರುಗಿ ಡೈಯನ್ನು ಕೂರಿಸಿದೆ. ಗೆರೆಗೆ ಗೆರೆ ಸೇರಿಸಿ, ಮತ್ತೊಂದು ಖಾಲಿ ಕೇಸನ್ನು ಪ್ರೆಸ್ಸಿಗೆ ಕೊಟ್ಟು ರೈಫಲ್ಲಿಗೆ ಹಾಕಿದೆ. ಬೋಲ್ಟಿನ ಹಿಡಿ ಎರಡು ಬೆರಳಿಗೇ ಇಳಿದು ಕೂತಿತು.

ಆದರೆ ನಾಳಿನ ಪಂದ್ಯಕ್ಕೆಂದು ತುಂಬಿಟ್ಟ ತೋಟಾಗಳೆಲ್ಲ ಬಿಗಿಯವೇ. ಮದ್ದು ತುಂಬಿದ್ದನ್ನು ಹಾಗೇ ಪ್ರೆಸ್ಸಿಗೆ ಕೊಡುವಂತಿಲ್ಲ. ಒಂದೊಂದರಿಂದಲೂ ಗುಂಡು ಕಿತ್ತು, ಮದ್ದು ಸುರಿದು, ಮೊದಲಿನಿಂದ ಮಾಡಬೇಕು. ಅದಕ್ಕೆಂದೇ ಒಂದು ಟೊಳ್ಳು ತಲೆಯ ಪ್ಲಾಸ್ಟಿಕ್ ಸುತ್ತಿಗೆ ಸಿಗುತ್ತದೆ. ತೋಟಾವನ್ನು ಅದರೊಳಗೆ ಸಿಕ್ಕಿಸಿ ನೆಲಕ್ಕೆ ಕುಟ್ಟಿದರೆ ಗುಂಡು ಕಳಚಿ ಒಳಗೇ ಬೀಳುತ್ತದೆ. ನಾನು ಕುಟ್ಟತೊಡಗಿದೆ. ಸ್ವಲ್ಪ ಹೊತ್ತಿಗೆ ಅವರು ಹೊಸ್ತಿಲು ದಾಟಿ ಒಳಗೆ ಬಂದರು.

"ಇದು ಢಂ ಅನ್ನಲ್ಲ ತಾನೇ?"

"ಅನ್ನಲ್ಲ. ಈ ಕನ್ನಡಕ ಹಾಕ್ಕೊಳ್ಳಿ, ನಾನು ತೋರಿಸಿದ ಹಾಗೇ ಮಾಡಿ."

ಮೊದಲ ಏಟಿಗೆ ಮುಖ ಆಚೆ ತಿರುಗಿಸಿ, ಕಣ್ಣು ಮುಚ್ಚಿಕೊಂಡು ಕುಟ್ಟಿದರು. ನಂತರ ಕೈ ಹದಕ್ಕೆ ಬಂತು. ಅವರು ಕುಟ್ಟುವುದು, ನಾನು ಸರಿಮಾಡಿ ತುಂಬುವುದು. ಅಡುಗೆಗೆ ಇಬ್ಬರಿಗೂ ಪುರುಸೊತ್ತಾಗದೆ ಮಧ್ಯಾಹ್ನ ಮೊಸರವಲಕ್ಕಿ ತಿಂದೆವು. ನಾನು ಗೆದ್ದರೆ ಅವರ ಮಾತು ಬಿದ್ದುಹೋಗುತ್ತದೆ ಎಂಬುದು ಅವರಿಗೂ ಗೊತ್ತಿತ್ತು. ಅದನ್ನು ಇಬ್ಬರೂ ಎತ್ತಲಿಲ್ಲ.

ಭಾನುವಾರ ಅವರೂ ಬಂದರು. ಮಡಚುವ ಕುರ್ಚಿ ಹಾಕಿಕೊಂಡು, ಕ್ಲಬ್ಬಿನವರು ಕೊಟ್ಟ ಕಿವಿಮುಚ್ಚುಗದ ಕೆಳಗೂ ಹತ್ತಿ ತುರುಕಿಕೊಂಡು ಹಿಂದೆ ಕೂತಿದ್ದರು. ನನ್ನ ಒಂದು ತೋಟಾವೂ ಸಿಕ್ಕಿಕೊಳ್ಳಲಿಲ್ಲ. ದಢೂತಿ ಆಸಾಮಿ ನನ್ನ ಬೋಲ್ಟನ್ನೇ ನೋಡುತ್ತಿದ್ದ. ಆ ಸುಖ ಈಗಲೂ ಇದೆ. ಆದರೂ ನಾನು ಐದನೆಯವಳಾದೆ. ನೆಪ ಹೇಳಲು ಏನೂ ಇರಲಿಲ್ಲ. ಗಾಳಿ ಎಲ್ಲರಿಗೂ ಒಂದೇ ಬೀಸಿತ್ತು, ನನಗಿಂತ ಚೆನ್ನಾಗಿ ಹೊಡೆದವರು ನಾಲ್ಕು ಜನ ಇದ್ದರು.

ವಾಪಸ್ಸು ಬರುವಾಗ ಅವರೇ ಕಾರು ಓಡಿಸಿದರು. ಗುಡ್ಡ ಇಳಿದ ಮೇಲೆ ನಾನೇ ಮಾತು ತೆಗೆದೆ. ಕೊಟ್ಟ ಮಾತು ಕೊಟ್ಟ ಮಾತೇ.

"ನಾಳೆ ಕ್ಲಬ್ಬಿನ ಬೋರ್ಡಲ್ಲಿ ಚೀಟಿ ಅಂಟಿಸ್ತೀನಿ ಬಿಡಿ. ಯಾರಾದ್ರೂ ತಗೊಳ್ತಾರೆ," ಎಂದೆ.

"ಏನನ್ನ?"

"ಇನ್ನೇನನ್ನ? ರೈಫಲ್ಲನ್ನ."

ಅವರು ರಸ್ತೆಯ ಮೇಲಿನ ಕಣ್ಣು ತೆಗೆಯಲಿಲ್ಲ. "ಪೂಜೆ ಮಾಡಿದ್ದನ್ನ ಯಾರಾದ್ರೂ ಮಾರ್ತಾರೇನೇ?"

"ಪೂಜೆ ಮಾಡಿದ್ದು ಪ್ರೆಸ್ಸಿಗೆ. ಅದೂ ಅಲ್ದೆ ಹೋದ ವರ್ಷ ಹಳೇ ಕಾರು ಮಾರಿದ್ರಲ್ಲ? ಅದಕ್ಕೆ ವರ್ಷಾ ವರ್ಷಾ ನಿಂಬೆಹಣ್ಣು ಇಟ್ಟಿರ್ಲಿಲ್ವಾ?"

"ಅದು ಬೇರೆ," ಎಂದರು.

ಮನೆಗೆ ಬಂದು ರೈಫಲ್ಲನ್ನು ಒರೆಸಿ ಬೀರುವಿನಲ್ಲಿಟ್ಟೆ. ಬೀರುವಿಗೆ ಇದ್ದದ್ದು ಎರಡು ಕೀ. ಎರಡೂ ನನ್ನ ಗೊಂಚಲಿನಲ್ಲೇ ಇದ್ದವು. ಒಂದನ್ನು ಬಿಚ್ಚಿ ಅವರ ಅಂಗೈಯಲ್ಲಿಟ್ಟು, ಮುಂದಿನ ವರ್ಷ ಕುಂಕುಮವನ್ನು ಬಂದೂಕಿಗೇ ಹಚ್ಚಿ, ಡೈ ಮಾತ್ರ ಮುಟ್ಟಬೇಡಿ ಎಂದೆ.