ಗಂಜಿಯ ಹದ ಹೇಳಿಕೊಟ್ಟ ಗೌರವ್ವ

ಇದು ಹೋದ ವರ್ಷದ ಬೇಸಿಗೆಯ ಮಾತು. ಬನಹಟ್ಟಿಯಲ್ಲಿ ಮಗ್ಗ ನಿಂತುಹೋಗಿದ್ದ ಒಂದು ಶೆಡ್ಡನ್ನು ಬಾಡಿಗೆಗೆ ಹಿಡಿದು, ಸಸಿ ಬೆಳೆಸುವ ಚೀಲ ತಯಾರಿಸುತ್ತಿದ್ದೆ. ಗೋವಿನಜೋಳದ ಪಿಷ್ಟವನ್ನು, ಮಣ್ಣಿನಲ್ಲಿ ಕೊಳೆಯುವ ಒಂದು ಬಗೆಯ ಪ್ಲಾಸ್ಟಿಕ್ ಹರಳಿನ ಜೊತೆ ಬೆರೆಸಿ, ಕಾಯಿಸಿ, ತೆಳ್ಳಗೆ ಹಾಳೆ ಎಳೆದು ಮಾಡುವ ಚೀಲ. ಸಸಿಯನ್ನು ಚೀಲದ ಸಮೇತ ನೆಟ್ಟರಾಯಿತು, ಕೆಲವೇ ತಿಂಗಳಲ್ಲಿ ಚೀಲವೂ ಮಣ್ಣಾಗುತ್ತದೆ. ಕರಾವಳಿಯ ಒಂದು ಪ್ರಯೋಗಾಲಯದಲ್ಲಿ ದುಡಿಯುವಾಗ ಇದನ್ನು ಕಲಿತಿದ್ದೆ. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳೆಂಬ ಜಂಭವೂ ಸ್ವಲ್ಪ ಇತ್ತೆನ್ನಿ.

ಅನಗವಾಡಿಯ ಸಂಗಪ್ಪನವರು ನನ್ನ ಮೊದಲ ಗಿರಾಕಿ. ಪಪ್ಪಾಯಿ ಸಸಿಗಳ ನರ್ಸರಿ ಅವರದು. ಒಂದು ಬೆಳಿಗ್ಗೆ ಬೈಕಿನಲ್ಲಿ ಬಂದವರೇ, ಒಂದು ಗೋಣಿಚೀಲವನ್ನು ನನ್ನ ಮುಂದೆ ಬೋರಲು ಹಾಕಿದರು. ಒಳಗಿದ್ದದ್ದು ನನ್ನ ಚೀಲಗಳ ಚೂರುಗಳು.

“ಮೇಡಂ, ಕೈಯಾಗ ಹಿಡದ್ರ ಹಪ್ಪಳ ಮುರದಂಗ ಮುರೀತಾವ್ರಿ. ಮಣ್ಣೆಲ್ಲಾ ಉದರಿ ಸಸಿ ಬಾಡಿ ಹೋದ್ವು. ಇನ್ನ ಎಂಟು ದಿನ ನೋಡತೇನ್ರಿ. ಆಗಲಿಲ್ಲಂದ್ರ ಮತ್ತ ಕರೀ ಪ್ಲಾಸ್ಟಿಕ್ ಚೀಲನ ತರತೇನಿ,” ಎಂದರು.

ಅವರ ಮೇಲೆ ಸಿಟ್ಟು ಬರಲಿಲ್ಲ, ನನ್ನ ಮೇಲೆಯೇ ಬಂತು. ಮುಧೋಳದಲ್ಲಿದ್ದ ಅಪ್ಪನಿಗೆ ನಾನೇ ಮಾತು ಕೊಟ್ಟಿದ್ದೆ: ಈ ಬೇಸಿಗೆಯೊಳಗೆ ಚೀಲ ನಿಲ್ಲದಿದ್ದರೆ ಶೆಡ್ಡಿಗೆ ಬೀಗ ಹಾಕಿ ಸಾಲಿ ಟೀಚರ್ ಆಗುತ್ತೇನೆ ಎಂದು. ಆ ಎಂಟು ದಿನಗಳಲ್ಲಿ ಐದು ದಿನ ಹಾಗೇ ಹೋದವು. ಪಿಷ್ಟ ಕಡಿಮೆ ಮಾಡಿದೆ, ಶಾಖ ಬದಲಿಸಿದೆ. ಯಂತ್ರದಿಂದ ಬಂದಾಗ ಹಾಳೆ ಛಲೋ ಇರುತ್ತಿತ್ತು, ಮರುದಿನ ಮಧ್ಯಾಹ್ನಕ್ಕೆ ಸೀಳುತ್ತಿತ್ತು. ಏನೇನೂ ತಿಳಿಯಲಿಲ್ಲ.

ಆರನೆಯ ದಿನ ಶೆಡ್ಡಿನ ಮೆಟ್ಟಿಲ ಮೇಲೆ ಸುಮ್ಮನೆ ಕೂತಿದ್ದೆ. ಶೆಡ್ಡಿನ ಮಾಲಕಿ ಗೌರವ್ವ ಪಕ್ಕದ ಮನೆಯವರು. ಎಪ್ಪತ್ತು ದಾಟಿದ್ದರೂ ಇನ್ನೂ ಕುಣಿ ಮಗ್ಗದಲ್ಲಿ, ನೆಲದ ಗುಂಡಿಗೆ ಕಾಲು ಇಳಿಬಿಟ್ಟು ಕೂತು, ಸೀರೆ ನೇಯುತ್ತಾರೆ.

“ಯಾಕಬೇ ತಂಗಿ, ಮಾರಿ ಸಣ್ಣದು ಮಾಡ್ಕೊಂಡು ಕುಂತಿ?” ಎಂದು ಕೇಳಿದರು.

ನಾನು ಸೀಳಿದ ಒಂದು ಹಾಳೆ ಕೊಟ್ಟೆ. ಅವರು ಅದನ್ನು ಕಣ್ಣಿನಿಂದ ಪರೀಕ್ಷಿಸಲಿಲ್ಲ. ಕಿವಿಯ ಹತ್ತಿರ ಹಿಡಿದು ಹಿಸುಕಿದರು, ಸದ್ದು ಕೇಳಿದರು. ಅಂಚನ್ನು ಹಲ್ಲಿನಲ್ಲಿ ಕಚ್ಚಿದರು. ಆಮೇಲೆ, “ಇದರಾಗ ಗಂಜಿ ಐತೇನು?” ಎಂದರು.

ಇದರಲ್ಲಿ ಏನೇನಿದೆ ಎಂದು ನಾನು ಅವರಿಗೆ ಒಂದು ದಿನವೂ ಹೇಳಿರಲಿಲ್ಲ.

“ಹೌದು ಆಯಿ, ಗೋವಿನಜೋಳದ್ದು. ನಿಮಗ ಹ್ಯಾಂಗ ಗೊತ್ತಾತು?”

“ಐವತ್ತು ವರ್ಷ ನೂಲಿಗೆ ಗಂಜಿ ಹಚ್ಚೇನಿ, ನನಗ ಗೊತ್ತಾಗೂದಿಲ್ಲೇನು? ಗಂಜಿಗೆ ನೀರಡಿಕಿ ಆಗೇತಿ. ಜಿಡ್ಡೂ ಸಾಲೂದಿಲ್ಲ. ಬಾ ಇಲ್ಲಿ.”

ಕೈ ಹಿಡಿದು ಮಗ್ಗದ ಕೋಣೆಗೆ ಕರೆದುಕೊಂಡು ಹೋದರು. ಹೊರಗೆ ಬಿಸಿಲು ಸುಡುತ್ತಿತ್ತು, ಒಳಗೆ ನೆಲವೆಲ್ಲ ನೀರು ಚಿಮುಕಿಸಿ ತಂಪಾಗಿತ್ತು. “ಬ್ಯಾಸಗ್ಯಾಗ ಗಾಳಿ ನೂಲಿನ್ಯಾಗಿನ ಪಸಿ ಎಲ್ಲಾ ಹೀರತೈತಿ. ಎಳಿ ಕಟ್ ಕಟ್ ಅಂತ ಹರೀತಾವು. ಅದಕ್ಕ ನೆಲಕ್ಕ ನೀರ ಹೊಡೀತೇವಿ, ಗಂಜಿಗೆ ಎಣ್ಣಿ ಒಂಚೂರು ಹೆಚ್ಚಿಗಿ ಹಾಕತೇವಿ. ಮಳಿಗಾಲಕ್ಕ ಕಡಿಮಿ. ಒಂದ ಅಳತಿ ವರ್ಷಪೂರ್ತಿ ನಡ್ಯೂದಿಲ್ಲ.”

ನನ್ನ ತಪ್ಪು ಆಗ ಹೊಳೆಯಿತು. ಕರಾವಳಿಯ ಗಾಳಿಯಲ್ಲಿ ಸದಾ ತೇವ. ಅಲ್ಲಿ ಹಾಳೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆಂದು, ತೇವ ಹಿಡಿದು ಹಾಳೆಯನ್ನು ಮೆತ್ತಗೆ ಇಡುವ ಗ್ಲಿಸರಿನ್ ಕಡಿಮೆ ಹಾಕುತ್ತಿದ್ದೆವು. ಅದೇ ಅಳತೆಯನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬನಹಟ್ಟಿಯ ಬೇಸಿಗೆಗೆ ತಂದಿದ್ದೆ. ನೇಕಾರರ ಓಣಿಯಲ್ಲೇ ತಿಂಗಳುಗಟ್ಟಲೆ ಇದ್ದೂ, ಪಕ್ಕದ ಮನೆಯಲ್ಲಿ ದಿನಾ ನೆಲಕ್ಕೆ ನೀರೇಕೆ ಹೊಡೆಯುತ್ತಾರೆಂದು ಒಮ್ಮೆಯೂ ಕೇಳಿರಲಿಲ್ಲ.

ಅವತ್ತೇ ಗ್ಲಿಸರಿನ್ ಹೆಚ್ಚಿಸಿದೆ, ಜೊತೆಗೆ ಔಡಲ ಎಣ್ಣೆ, ಅಂದರೆ ಹರಳೆಣ್ಣೆ, ಬೆರೆಸಿದೆ. ಮೊದಲನೆಯ ಸಲ ಎಣ್ಣೆ ಜಾಸ್ತಿಯಾಗಿ ಹಾಳೆಯ ಮೇಲೆಲ್ಲ ಬೆವರಿನಂತೆ ಒಸರಿತು. ಗೌರವ್ವ ಮುಟ್ಟಿ ನೋಡಿ, “ಅರ್ಧಾ ಹಾಕು,” ಎಂದರು. ಅರ್ಧ ಹಾಕಿದೆ. ಎಳೆದ ಹಾಳೆಗಳನ್ನು ಒದ್ದೆ ಗೋಣಿ ತೂಗುಬಿಟ್ಟ ಕೋಣೆಯಲ್ಲಿ ಒಂದು ದಿನ ಇಟ್ಟೆ.

ಎಂಟನೆಯ ದಿನ ಸಂಗಪ್ಪನವರು ಬಂದರು. ಚೀಲಕ್ಕೆ ಮಣ್ಣು ತುಂಬಿ, ನೀರು ಹಾಕಿ, ಬಿಸಿಲಿಗಿಟ್ಟು ಊಟಕ್ಕೆ ಹೋದರು. ವಾಪಸು ಬಂದವರು ಚೀಲದ ಬಾಯಿ ಹಿಡಿದು ಎತ್ತಿ, ಎರಡು ಸಲ ಜಾಡಿಸಿದರು. ಒಂದು ಕಡೆಯೂ ಸೀಳಲಿಲ್ಲ.

“ಖರೇನ ಅದ ಚೀಲ ಏನ್ರಿ ಇದು?” ಎಂದು ತಿರುಗಿಸಿ ತಿರುಗಿಸಿ ನೋಡಿದರು. ಇನ್ನು ಕರೀ ಚೀಲ ತರುವುದಿಲ್ಲ ಎಂದು ಹೇಳಿ ಹೋದರು.

ನಾನು ಓಡಿಹೋಗಿ ಗೌರವ್ವನ ಕಾಲು ಮುಟ್ಟಿದೆ. ಇಷ್ಟು ದಿನ ಗಟ್ಟಿಯಾಗಿರಬೇಕು, ಆಮೇಲೆ ಕರಗಿ ಹೋಗಬೇಕು, ಇಂಥ ವಸ್ತು ಮಾಡುವುದು ಬಹಳ ಕಷ್ಟ ಆಯಿ, ದೊಡ್ಡ ದೊಡ್ಡವರು ಇದಕ್ಕಾಗಿ ತಲೆ ಕೆಡಿಸಿಕೊಂಡಿದ್ದಾರೆ ಎಂದೆ.

ಅವರು ಲಾಳಿ ನಿಲ್ಲಿಸಿ ನನ್ನ ಮುಖ ನೋಡಿದರು. “ಅದರಾಗೇನೈತಿ ತಂಗಿ? ನನ್ನ ಗಂಜಿ ಮಾಡೂದೂ ಅದನ್ನ. ಸೀರಿ ಮಗ್ಗದಿಂದ ಇಳಿಯೂತನಾ ಎಳಿ ಹಿಡೀಬೇಕು. ಉಟ್ಟಾಕಿ ಒಮ್ಮೆ ಒಗದ್ಲಂದ್ರ ಬಿಟ್ಟು ಹೋಗಬೇಕು.”

ಹೇಳಿ ಮತ್ತೆ ನೇಯತೊಡಗಿದರು. ನನಗೆ ಕಣ್ಣು ತುಂಬಿ ಬಂತು. ನಾನು ಹೊಸದೆಂದು ಹುಡುಕಿಕೊಂಡು ಹೋದದ್ದನ್ನು ಆ ಓಣಿಯ ಹೆಂಗಸರು ದಿನಾ ಒಲೆಯ ಮೇಲೆ ಕುದಿಸುತ್ತಿದ್ದರು.